ಹಣಕ್ಕೂ ಒಂದು ಹದ

ವಿಜ್ಞಾನದ ಮಾಸಪತ್ರಿಕೆಯಲ್ಲಿ ರೈತನ ಬ್ಯಾಂಕ್ ಖಾತೆಯ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. ನಕ್ಷತ್ರಗಳನ್ನೂ ಪರಮಾಣುಗಳನ್ನೂ ಕುರಿತು ತಿಳಿಯಲು ಈ ಪುಟಗಳನ್ನು ತೆರೆಯುವ ವಿದ್ಯಾರ್ಥಿ ಮಿತ್ರರಿಗೆ ಸರಕಾರದ ನೆರವಿನ ಲೆಕ್ಕವು ಸಪ್ಪೆಯಾಗಿ ತೋರಲೂಬಹುದು. ಆದರೆ ಅಳೆಯಲು ಬರುವ ಯಾವ ಸಂಗತಿಯೂ ವಿಜ್ಞಾನಕ್ಕೆ ಹೊರಗಲ್ಲ. ಅಳೆಯಲು ಬರುವುದನ್ನು ಅಳೆಯದೆ ವಾದಿಸುವುದು ಮಾತ್ರ ವಿಜ್ಞಾನಕ್ಕೆ ಹೊರಗು.

ರಾಜಾಜಿನಗರದಲ್ಲಿ ನಾವು ಪಾಠ ಹೇಳುವ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈ ವಾದ ಆಗಾಗ ನಡೆಯುತ್ತದೆ. ಬಿಟ್ಟಿ ಹಣ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ, ಅದು ಹೆಂಡದಂಗಡಿಯ ದಾರಿ ಹಿಡಿಯುತ್ತದೆ ಎಂಬುದು ಒಂದು ಪಕ್ಷ. ಬಡವನ ಕೈಗೆ ಹೋದ ಹಣ ಎಂದಿಗೂ ವ್ಯರ್ಥವಲ್ಲ, ಇನ್ನಷ್ಟು ಕೊಡಬೇಕು ಎಂಬುದು ಮತ್ತೊಂದು ಪಕ್ಷ. ಕೊಡಬೇಕೆ ಕೊಡಬಾರದೆ, ಎಷ್ಟು ಕೊಡಬೇಕು ಎಂಬ ಈ ಎರಡು ಪ್ರಶ್ನೆಗಳಲ್ಲಿಯೇ ಎರಡು ಪಕ್ಷಗಳೂ ಸುತ್ತುತ್ತವೆ. ಯಾವಾಗ ಕೊಡಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಎತ್ತುವವರು ವಿರಳ. ಬೇಸಾಯಗಾರನ ಮನೆಯಲ್ಲಿ ಈ ಮೂರನೆಯ ಪ್ರಶ್ನೆಯೇ ಮೊದಲನೆಯದು ಎಂಬುದು ನಮ್ಮ ಅಭಿಪ್ರಾಯ.

ನೆರವಿನ ಎರಡು ಹೊಳೆಗಳು

ಪ್ರಕೃತ ಕರ್ನಾಟಕದ ಸಣ್ಣ ರೈತನ ಮನೆಗೆ ನೇರವಾಗಿ ಬರುವ ನಗದು ನೆರವಿನಲ್ಲಿ ಎರಡು ಮುಖ್ಯವಾದವು. ಒಂದು, ಕೇಂದ್ರ ಸರಕಾರವು 2019ರ ಫೆಬ್ರವರಿಯಲ್ಲಿ ಆರಂಭಿಸಿದ ಕಿಸಾನ್ ಸಮ್ಮಾನ್ ನಿಧಿ. ಭೂಮಿಯುಳ್ಳ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ತಲಾ 2,000 ರೂಪಾಯಿಯ ಮೂರು ಕಂತುಗಳಲ್ಲಿ. ಕರ್ನಾಟಕ ಸರಕಾರವು 2019ರಲ್ಲಿ ಇದಕ್ಕೆ ತನ್ನ ಪಾಲೆಂದು 4,000 ರೂಪಾಯಿಗಳನ್ನು ಸೇರಿಸಿತ್ತು. 2023ರಿಂದ ಆ ಪಾಲು ಮುಂದುವರಿಯಲಿಲ್ಲ. ಎರಡನೆಯದು, ರಾಜ್ಯ ಸರಕಾರವು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಕೊಟ್ಟ ಗೃಹಲಕ್ಷ್ಮಿ. ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ನಮೂದಾದ ಹೆಂಗಸಿಗೆ ತಿಂಗಳಿಗೆ 2,000 ರೂಪಾಯಿ. ಒಂದು ಕೋಟಿಗೂ ಮಿಕ್ಕ ಹೆಂಗಸರು ಇದರಲ್ಲಿ ಸೇರಿದ್ದಾರೆ.

ಎರಡೂ ಹೊಳೆಗಳು ಸೇರಿದರೆ ವರ್ಷಕ್ಕೆ 30,000 ರೂಪಾಯಿ. ದಿನಕ್ಕೆ ಹಂಚಿದರೆ ಕುಟುಂಬವೊಂದಕ್ಕೆ ಸುಮಾರು 82 ರೂಪಾಯಿ. ಇದು ಯಾರನ್ನೂ ಸಿರಿವಂತರನ್ನಾಗಿ ಮಾಡುವ ಮೊತ್ತವಲ್ಲ. ಯಾರನ್ನೂ ಸೋಮಾರಿಯನ್ನಾಗಿ ಮಾಡುವ ಮೊತ್ತವೂ ಅಲ್ಲ. ಆದರೂ ಇದು ಮಾಡುವ ಕೆಲಸವೊಂದಿದೆ. ಅದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ.

ಒಂದು ಮನೆಯ ಲೆಕ್ಕ

ವಿಜಯನಗರದ ನಮ್ಮ ಮನೆಯಿಂದ ಮಾಗಡಿ ರಸ್ತೆ ದೂರವಲ್ಲ. ಬೆಳಗ್ಗೆ ಆ ರಸ್ತೆಯಲ್ಲಿ ಬರುವ ಬಸ್ಸುಗಳಲ್ಲಿ ತಾವರೆಕೆರೆಯ ಕಡೆಯಿಂದಲೂ ಮಾಗಡಿಯ ಕಡೆಯಿಂದಲೂ ಕಾಲೇಜಿನ ಹುಡುಗರು ತುಂಬಿರುತ್ತಾರೆ. ಅವರಲ್ಲೊಬ್ಬ ನಮ್ಮ ವಿದ್ಯಾರ್ಥಿ. ಒಂದು ಭಾನುವಾರ ಅವನ ಒತ್ತಾಯಕ್ಕೆ ಮಾಗಡಿ ತಾಲ್ಲೂಕಿನ ಅವನ ಹಳ್ಳಿಗೆ ಹೋದೆವು. ತಂದೆ, ತಾಯಿ, ಅಜ್ಜಿ, ಒಬ್ಬಳು ತಂಗಿ. ಒಂದೂವರೆ ಎಕರೆ ಖುಷ್ಕಿ ಹೊಲ. ರಾಗಿ, ಸಾಲಿನ ನಡುವೆ ಅವರೆ. ಹಟ್ಟಿಯಲ್ಲಿ ಎರಡು ಸೀಮೆ ಹಸು.

ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಗೋಡೆ ಕ್ಯಾಲೆಂಡರ್ ತೂಗುತ್ತಿತ್ತು. ಪ್ರತಿ ತಾರೀಖಿನ ಚೌಕದಲ್ಲಿಯೂ ಹುಡುಗನ ತಾಯಿ ಹಾಲಿನ ಲೀಟರುಗಳನ್ನು ಪೆನ್ಸಿಲಿನಲ್ಲಿ ಗುರುತಿಸಿದ್ದರು. ಡೈರಿಯ ಬಟವಾಡೆಯ ದಿನಕ್ಕೆ ಒಂದು ಸುತ್ತು. ಸರಕಾರದ ಹಣ ಬಂದ ದಿನಕ್ಕೆ ಒಂದು ಕತ್ತರಿ ಗುರುತು. ಹಳೆಯ ವರ್ಷಗಳ ಕ್ಯಾಲೆಂಡರುಗಳೂ ಅದೇ ಮೊಳೆಯ ಮೇಲೆ ಹಿಂದೆ ಇದ್ದವು. ನಾವು ಅವನ್ನು ಮಗುಚಿ ನೋಡಿದೆವು. ಸುತ್ತುಗಳು ಸಾಲಾಗಿ, ಸಮಾನ ಅಂತರದಲ್ಲಿ ಇದ್ದವು. ಕತ್ತರಿಗಳು ಚದುರಿದ್ದವು.

2024ರಲ್ಲಿ ಕಿಸಾನ್ ಕಂತು ಜೂನ್ 18ರಂದು ಬಿಡುಗಡೆಯಾಯಿತು. 2,000 ರೂಪಾಯಿಗೆ 1,350 ರೂಪಾಯಿಯ ಒಂದು ಚೀಲ ಡಿಎಪಿ, 266 ರೂಪಾಯಿ 50 ಪೈಸೆಯ ಎರಡು ಚೀಲ ಯೂರಿಯಾ, ಒಟ್ಟು 1,883 ರೂಪಾಯಿ. ಮಿಕ್ಕದ್ದು ಗಾಡಿಯ ಬಾಡಿಗೆ. ಆ ವರ್ಷ ಗೊಬ್ಬರಕ್ಕೆ ಕೈಗಡವಿಲ್ಲ. 2025ರಲ್ಲಿ ಅದೇ ಕಂತು ಆಗಸ್ಟ್ 2ರಂದು ಬಂತು. ಮಳೆ ಕಾಯುವುದಿಲ್ಲ, ಹದ ತಪ್ಪಿದರೆ ಬಿತ್ತನೆ ತಪ್ಪುತ್ತದೆ. ಜೂನಿನಲ್ಲಿಯೇ 2,000 ರೂಪಾಯಿ ಸಾಲ ತಂದರು, ಮೂರು ರೂಪಾಯಿ ಬಡ್ಡಿಗೆ, ಅಂದರೆ ನೂರಕ್ಕೆ ತಿಂಗಳಿಗೆ ಮೂರು. ಆಗಸ್ಟಿನಲ್ಲಿ ಕಂತು ಬಂದಾಗ ಕಳೆ ಕೀಳುವವರ ಕೂಲಿ ಎದುರಿಗೆ ನಿಂತಿತ್ತು. ಹಣ ಅತ್ತ ಹೋಯಿತು. ಸಾಲ ತೀರಿದ್ದು ಕಣ ಮುಗಿದ ಮೇಲೆ, ಡಿಸೆಂಬರಿನಲ್ಲಿ. ತಿಂಗಳಿಗೆ 60 ರೂಪಾಯಿಯಂತೆ ಆರು ತಿಂಗಳಿಗೆ 360 ರೂಪಾಯಿ ಬಡ್ಡಿ.

ಒಂದೇ ಮನೆ, ಒಂದೇ ಹೊಲ, ಒಂದೇ ಮೊತ್ತ. ಆದರೆ ಒಂದು ವರ್ಷ 2,000 ರೂಪಾಯಿ ಪೂರ್ತಿ 2,000 ಆಗಿತ್ತು. ಮರು ವರ್ಷ ಅದು 1,640 ಆಯಿತು. ನಡುವಿನ 360 ರೂಪಾಯಿ ರೈತನಿಗೂ ಸೇರಲಿಲ್ಲ, ಬೊಕ್ಕಸದಲ್ಲಿಯೂ ಉಳಿಯಲಿಲ್ಲ. ಅದನ್ನು ತಿಂದದ್ದು ತಾರೀಖು.

ಆ ತಾಯಿ ನಮಗೆ ಹೇಳಿದ ಮಾತನ್ನು ಅವರ ನುಡಿಯಲ್ಲಿಯೇ ಕೊಡುತ್ತೇವೆ: “ಮೇಷ್ಟ್ರೆ, ದುಡ್ಡು ಬತ್ತದೆ ಅಂದ್ರೆ ಸಾಲ್ದು. ಯಾವತ್ತು ಬತ್ತದೆ ಅಂತ ಗೊತ್ತಾದ್ರೆ ಅರ್ಧ ಕಷ್ಟ ಅವತ್ತೇ ಕಳೀತದೆ.”

ಗೃಹಲಕ್ಷ್ಮಿಯ ಹಣದಿಂದ ಅವರು ಅಜ್ಜಿಯ ಮಾತ್ರೆ, ಮಗಳ ಪುಸ್ತಕ ಮೊದಲಾದವನ್ನು ತೂಗಿಸುತ್ತಿದ್ದರು. ಇದರ ಜೊತೆಗೆ ಊರಿನ ಇಪ್ಪತ್ತು ಜನ ಹೆಂಗಸರು ಸೇರಿ, ತಿಂಗಳಿಗೆ ಸಾವಿರ ರೂಪಾಯಿಯ ಒಂದು ಚೀಟಿಯನ್ನು ನಡೆಸುತ್ತಿದ್ದರು. ತಮ್ಮ ಸರದಿ ಬಂದಾಗ ಆಕೆ ಮೇವು ಕತ್ತರಿಸುವ ಒಂದು ಯಂತ್ರವನ್ನು ಕೊಂಡರು. ಚೂರು ಚೂರಾಗಿ ಬಂದ ಹಣವನ್ನು ಇಡಿಗಂಟಾಗಿ ಮಾಡಿಕೊಳ್ಳುವ ಉಪಾಯವನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಗೃಹಲಕ್ಷ್ಮಿಯ ಕಂತೂ ಕೆಲವು ಬಾರಿ ತಿಂಗಳುಗಟ್ಟಲೆ ತಡವಾದದ್ದುಂಟು. ಚೀಟಿಗೆ ಮಾತ್ರ ತಡವೆಂಬುದಿಲ್ಲ. ಕಟ್ಟದಿದ್ದರೆ ಊರಲ್ಲಿ ಮಾನ ಹೋಗುತ್ತದೆ. ಆ ತಿಂಗಳುಗಳಲ್ಲಿ ಕೋಳಿಗಳನ್ನು ಮಾರಿ ಚೀಟಿ ಕಟ್ಟಿದರಂತೆ.

ಡೈರಿಯ ಬಟವಾಡೆ ಸರಕಾರದ ನೆರವಲ್ಲ. ಅದು ದುಡಿಮೆಯ ಹಣ. ಆದರೆ ಅದು ಹೇಳಿದ ದಿನ ಬರುತ್ತದೆಂಬ ನಂಬಿಕೆಯಿಂದಲೇ ಊರಿನ ಅಂಗಡಿಯಾತ ಬಡ್ಡಿಯಿಲ್ಲದೆ ಸಾಮಾನು ಕೊಡುತ್ತಾನೆ. ಖಚಿತವಾದ ತಾರೀಖೇ ಒಂದು ಬಂಡವಾಳ. ಅದನ್ನು ಕೊಡಲು ಸರಕಾರಕ್ಕೆ ಹೆಚ್ಚಿನ ಖರ್ಚಿಲ್ಲ.

ಸರಾಸರಿಯ ಮೋಸ

ಒಂದು ಮನೆಯ ಕಥೆಯಿಂದ ನಿಯಮವನ್ನು ಕಟ್ಟಬಾರದು. ಆದುದರಿಂದ ಎಲ್ಲರಿಗೂ ಸಿಗುವ ಅಂಕಿಗಳನ್ನು ತೆಗೆದುಕೊಳ್ಳೋಣ. ಏಪ್ರಿಲಿನಿಂದ ಜುಲೈವರೆಗಿನ ಅವಧಿಗೆ ಸಲ್ಲುವ ಕಿಸಾನ್ ಕಂತು ಹಿಂದಿನ ಐದು ಮುಂಗಾರುಗಳಲ್ಲಿ ಬಿಡುಗಡೆಯಾದ ದಿನಗಳಿವು: 2021ರಲ್ಲಿ ಮೇ 14, 2022ರಲ್ಲಿ ಮೇ 31, 2023ರಲ್ಲಿ ಜುಲೈ 27, 2024ರಲ್ಲಿ ಜೂನ್ 18, 2025ರಲ್ಲಿ ಆಗಸ್ಟ್ 2.

ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಐದು ಬಾರಿ ಅಳೆದು ಸರಾಸರಿ ತೆಗೆಯುವಂತೆ ಇಲ್ಲಿಯೂ ತೆಗೆಯೋಣ. ಮೇ 14ನ್ನು ಸೊನ್ನೆಯೆಂದು ಎಣಿಸಿದರೆ ಐದು ಅಳತೆಗಳು 0, 17, 74, 35, 80. ಸರಾಸರಿ 41 ದಿನ, ಅಂದರೆ ಜೂನ್ 24. ನಮ್ಮ ಭಾಗದ ರೈತರು ಸೂರ್ಯನ ವಾರ್ಷಿಕ ಪಥವನ್ನು 27 ನಕ್ಷತ್ರಗಳಿಗೆ ಹಂಚಿ, ಸುಮಾರು ಹದಿಮೂರೂವರೆ ದಿನಕ್ಕೊಂದರಂತೆ ಮಳೆಗಳನ್ನು ಎಣಿಸುತ್ತಾರೆ. ಆ ಎಣಿಕೆಯಲ್ಲಿ ಜೂನ್ 24 ಆರಿದ್ರಾ ಮಳೆಯ ಆರಂಭದ ದಿನಗಳಲ್ಲೊಂದು. ಖುಷ್ಕಿ ಬೇಸಾಯದ ಖರ್ಚಿಗೆ ಇದಕ್ಕಿಂತ ಒಳ್ಳೆಯ ದಿನವನ್ನು ಹುಡುಕುವುದೇ ಕಷ್ಟ. ಸರಾಸರಿಯನ್ನು ಮಾತ್ರ ಕಂಡ ಅಧಿಕಾರಿಯು ಯೋಜನೆ ಬಹು ಚೆನ್ನಾಗಿ ನಡೆದಿದೆಯೆಂದು ವರದಿ ಬರೆಯಬಹುದು.

ಆದರೆ ಆ ಐದು ವರ್ಷಗಳಲ್ಲಿ ಹಣ ಬಂದದ್ದು ಕೃತ್ತಿಕೆಯಲ್ಲಿ ಒಮ್ಮೆ, ರೋಹಿಣಿಯಲ್ಲಿ ಒಮ್ಮೆ, ಮೃಗಶಿರೆಯಲ್ಲಿ ಒಮ್ಮೆ, ಪುಷ್ಯದಲ್ಲಿ ಎರಡು ಬಾರಿ. ಆರಿದ್ರೆಯಲ್ಲಿ ಒಮ್ಮೆಯೂ ಇಲ್ಲ. ಸರಾಸರಿಯಿಂದ ಒಂದೊಂದು ವರ್ಷದ ದೂರವನ್ನು ಕೂಡಿಸಿ ಐದರಿಂದ ಭಾಗಿಸಿದರೆ ಸುಮಾರು 29 ದಿನ ಬರುತ್ತದೆ. ತಿಂಗಳೊಪ್ಪತ್ತು ಹಿಂದುಮುಂದಾಗುವ ಹಣವನ್ನು ನೆಚ್ಚಿ ಯಾವ ರೈತನೂ ಬಿತ್ತನೆಯನ್ನು ಗೊತ್ತುಮಾಡಲಾರ. ಸರಾಸರಿ ಮೊಣಕಾಲುದ್ದ ಆಳವಿರುವ ಹೊಳೆಯಲ್ಲಿಯೂ ಜನ ಮುಳುಗುತ್ತಾರೆ. ಕೊನೆಯಲ್ಲಿ ಸರಾಸರಿಯನ್ನು ಬರೆದು ವಿಚಲನವನ್ನು ಬರೆಯದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ನಾಡಿನ ಲೆಕ್ಕಕ್ಕೂ ಇದೇ ಕಟ್ಟಳೆ ಇರಬೇಕಷ್ಟೆ.

ಉಯ್ಯಾಲೆಯನ್ನು ತೂಗುವ ಮಗುವಿಗೂ ಇದು ಗೊತ್ತು. ಉಯ್ಯಾಲೆ ಹಿಂದಕ್ಕೆ ಬಂದು ನಿಂತ ಗಳಿಗೆಯಲ್ಲಿ ಸಣ್ಣದಾಗಿ ತಳ್ಳಿದರೂ ತೂಗು ಬೆಳೆಯುತ್ತ ಹೋಗುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಅಷ್ಟೇ ಬಲದಿಂದ ಹೊತ್ತಲ್ಲದ ಹೊತ್ತಿನಲ್ಲಿ ತಳ್ಳಿದರೆ ಒಂದು ತಳ್ಳು ಇನ್ನೊಂದನ್ನು ಕೊಂದು, ಉಯ್ಯಾಲೆ ನಿಂತೇಹೋಗುತ್ತದೆ. ಖುಷ್ಕಿ ಬೇಸಾಯವು ವರ್ಷಕ್ಕೊಮ್ಮೆ ತೂಗುವ ಉಯ್ಯಾಲೆ. ಉಪಮಾನವು ಪ್ರಮಾಣವಲ್ಲವೆಂಬುದನ್ನು ನಾವು ಬಲ್ಲೆವು. 2024ಕ್ಕೂ 2025ಕ್ಕೂ ಮಳೆ, ಬೆಲೆ ಎಲ್ಲವೂ ಬೇರೆಬೇರೆ. ಕ್ಯಾಲೆಂಡರಿನ ಎರಡು ಹಾಳೆಗಳನ್ನು ಹೋಲಿಸಿದ್ದು ಪ್ರಯೋಗವೆನಿಸದು. ಪ್ರಯೋಗಕ್ಕೆ ಹೋಲಿಕೆಯ ಗುಂಪು ಬೇಕು. ಅಂಥವು ಜಗತ್ತಿನಲ್ಲಿ ನಡೆದಿವೆ.

ಹಳ್ಳಿಗಳೇ ಪ್ರಯೋಗಶಾಲೆ

1997ರಲ್ಲಿ ಮೆಕ್ಸಿಕೋ ದೇಶವು ಬಡ ಗ್ರಾಮೀಣ ತಾಯಂದಿರಿಗೆ ನಗದು ಕೊಡುವ ಪ್ರೋಗ್ರೆಸಾ ಎಂಬ ಯೋಜನೆಯನ್ನು ಆರಂಭಿಸಿದಾಗ, ಅಧ್ಯಯನಕ್ಕಾಗಿ 506 ಹಳ್ಳಿಗಳನ್ನು ಆರಿಸಿ, ಅವುಗಳಲ್ಲಿ 320ಕ್ಕೆ ಮೊದಲು, 186ಕ್ಕೆ ಆಮೇಲೆ ಎಂದು ಚೀಟಿಯೆತ್ತಿದಂತೆ ವಿಂಗಡಿಸಿತು. ಮೊದಲಿನವಕ್ಕೂ ಆಮೇಲಿನವಕ್ಕೂ ಇರುವ ವ್ಯತ್ಯಾಸವೇ ಯೋಜನೆಯ ಫಲ. ಔಷಧದ ಗುಣವನ್ನು ಪರೀಕ್ಷಿಸುವ ರೀತಿಯೇ ಇದು. ಮಕ್ಕಳು ಶಾಲೆಯಲ್ಲಿ ಹೆಚ್ಚು ಕಾಲ ಉಳಿದರೆಂಬುದು ಅಲ್ಲಿ ಕಂಡ ಫಲಗಳಲ್ಲೊಂದು.

ಪಶ್ಚಿಮ ಕೆನ್ಯದ ಬಡ ಕುಟುಂಬಗಳಿಗೆ ಯಾವ ಷರತ್ತೂ ಇಲ್ಲದೆ ನಗದು ಕೊಟ್ಟು ನಡೆಸಿದ ಪ್ರಯೋಗದ ಫಲವನ್ನು ಯೊಹಾನೆಸ್ ಹಾಸ್‌ಹೋಫರ್ ಮತ್ತು ಜೆರೆಮಿ ಶಪೀರೋ ಎಂಬವರು 2016ರಲ್ಲಿ ಪ್ರಕಟಿಸಿದರು. ಊಟ ಸುಧಾರಿಸಿತು, ಮನೆಯ ಸೊತ್ತು ಬೆಳೆಯಿತು. ಹೆಂಡ ತಂಬಾಕುಗಳ ಖರ್ಚು ಏರಲಿಲ್ಲ. ನಮ್ಮ ಅಧ್ಯಾಪಕರ ಕೊಠಡಿಯ ಮೊದಲ ಪಕ್ಷಕ್ಕೆ ಇದು ಉತ್ತರ. ಎರಡೂ ಪಕ್ಷಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅಲ್ಲಿ ಕೆಲವರಿಗೆ ತಿಂಗಳು ತಿಂಗಳೂ, ಕೆಲವರಿಗೆ ಇಡಿಗಂಟಾಗಿಯೂ ಹಣ ಕೊಡಲಾಗಿತ್ತು. ತಿಂಗಳ ಹಣ ಹೆಚ್ಚಾಗಿ ಊಟದ ಕೊರತೆಯನ್ನು ತುಂಬಿತು. ಇಡಿಗಂಟು ಹೆಚ್ಚಾಗಿ ಬಾಳಿಕೆಯ ವಸ್ತುಗಳಾಯಿತು. ಹಣವು ಏನಾಗುತ್ತದೆ ಎಂಬುದನ್ನು ಅದು ಬರುವ ಕಾಲಕ್ರಮವೂ ನಿರ್ಣಯಿಸುತ್ತದೆಯೆಂದು ಇದರಿಂದ ಸಿದ್ಧವಾಗುತ್ತದೆ. ಮಾಗಡಿಯ ತಾಯಿಗೆ ಚೀಟಿ ಏಕೆ ಬೇಕಾಯಿತೆಂಬುದಕ್ಕೂ ಇಲ್ಲಿ ಸಮಾಧಾನವಿದೆ.

ನಮ್ಮ ದೇಶದಲ್ಲಿಯೂ 2011-12ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳ ಎಲ್ಲ ನಿವಾಸಿಗಳಿಗೆ ಸೇವಾ ಸಂಸ್ಥೆಯು ಯುನಿಸೆಫ್ ನೆರವಿನಿಂದ ತಿಂಗಳ ನಗದನ್ನು ಕೊಟ್ಟು, ಕೊಡದ ಹಳ್ಳಿಗಳೊಡನೆ ಹೋಲಿಸಿತು. ವಯಸ್ಕರಿಗೆ ಮೊದಲು 200, ಆಮೇಲೆ 300 ರೂಪಾಯಿ. ಜನ ಕೆಲಸ ಬಿಡಲಿಲ್ಲ. ಕೂಲಿಗೆ ಹೋಗುತ್ತಿದ್ದ ಸಣ್ಣ ರೈತರು ತಮ್ಮ ಹೊಲದಲ್ಲಿ ದುಡಿಯುವುದೇ ಹೆಚ್ಚಿತೆಂದು ವರದಿಯಾಯಿತು. ಕೈಯಲ್ಲಿ ಬೀಜಗೊಬ್ಬರದ ಹಣವಿದ್ದವನು ಬಿತ್ತನೆಯ ದಿನ ಅನ್ಯರ ಹೊಲದಲ್ಲಿ ಏಕಿರುತ್ತಾನೆ?

ನಗದಿಗೆ ಆಗದ ಕೆಲಸ

ಇಷ್ಟರಿಂದ ನಗದೇ ಸರ್ವರೋಗಕ್ಕೂ ಮದ್ದು ಎಂದು ನಾವು ಹೇಳುವವರಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮಳೆಯೇ ಇಲ್ಲದಲ್ಲಿ ಜೂನಿನ 2,000 ರೂಪಾಯಿ ಕೆರೆಯ ಹೂಳನ್ನು ತೆಗೆಯಲಾರದು.

ಮೇಲಾಗಿ ನಗದಿನ ಬೆಲೆ ಮಾರುಕಟ್ಟೆಯ ಕೈಯಲ್ಲಿದೆ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಡುವ ಏರ್ಪಾಡಾಯಿತು. ಅಂಗಡಿಯಲ್ಲಿ ಅಕ್ಕಿ 50 ರೂಪಾಯಿಯಾದರೆ ಆ 170ಕ್ಕೆ ಸಿಗುವುದು ಮೂರು ಕಿಲೋ 400 ಗ್ರಾಂ ಮಾತ್ರ. ಕಿಲೋ ಎಂಬ ಮಾನ ಬದಲಾಗದು. ರೂಪಾಯಿ ಎಂಬ ಮಾನ ಕುಗ್ಗುತ್ತದೆ. 2025ರಲ್ಲಿ ಸರಕಾರವು ನಗದನ್ನು ಬಿಟ್ಟು ಅಕ್ಕಿಗೇ ಮರಳಿತು. ಉಣ್ಣುವ ವಸ್ತುವಿಗೆ ಧಾನ್ಯ, ಆಯ್ದುಕೊಳ್ಳಬೇಕಾದ ಖರ್ಚಿಗೆ ನಗದು ಎಂಬ ವಿಂಗಡಣೆ ನಮಗೆ ಸರಿಯೆನಿಸುತ್ತದೆ.

ಹಣ ಹರಿಯುವ ಕಾಲುವೆಯಲ್ಲಿಯೂ ತಡೆಗಳಿವೆ. ನೆರವು ಹೋಗುವುದು ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಖಾತೆಗೆ. ಎರಡು ಖಾತೆಯುಳ್ಳವನು ಒಂದರ ಪಾಸ್‌ಬುಕ್ಕನ್ನು ನೋಡಿ ಹಣ ಬರಲಿಲ್ಲವೆಂದು ಕೊರಗುತ್ತಿರಬಹುದು. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಕಾಗುಣಿತ. ಮಣ್ಣಿನಲ್ಲಿ ದುಡಿದ ಬೆರಳುಗಳ ಗೆರೆ ಸವೆದು ಯಂತ್ರ ಅವನ್ನು ಗುರುತಿಸದು; ಇದಕ್ಕೆ ಪರಿಹಾರವಾಗಿ 2023ರಲ್ಲಿ ಕಿಸಾನ್ ಯೋಜನೆಗೆ ಮುಖಚರ್ಯೆಯಿಂದ ಗುರುತಿಸುವ ಕ್ರಮ ಬಂದದ್ದು ಒಳ್ಳೆಯದಾಯಿತು. ತಾತನ ಹೆಸರಿನಿಂದ ಪೌತಿ ಖಾತೆಯಾಗದ ಹೊಲವನ್ನು ಉಳುವ ಮೊಮ್ಮಗನಿಗೂ, ವಾರಕ್ಕೆ ಅನ್ಯರ ಹೊಲವನ್ನು ಮಾಡುವವನಿಗೂ ಕಿಸಾನ್ ಹಣವಿಲ್ಲ. ಬೆವರು ಅವರದು, ಪಹಣಿ ಬೇರೆಯವರದು. ಗೃಹಲಕ್ಷ್ಮಿಯು ಭೂಮಿಯ ಬದಲು ಪಡಿತರ ಚೀಟಿಯನ್ನು ಆಧರಿಸಿರುವುದರಿಂದ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲದ ಹೆಂಗಸನ್ನೂ ಮುಟ್ಟಿತು. ಇದನ್ನು ಅದರ ಟೀಕಾಕಾರರೂ ಒಪ್ಪಬೇಕು.

ನಾವು ಕೇಳುವುದು ಒಂದನ್ನೇ

ಮೊತ್ತವನ್ನು ಏರಿಸಬೇಕೆಂದು ನಾವು ಇಲ್ಲಿ ವಾದಿಸುತ್ತಿಲ್ಲ. ಅದು ಬೊಕ್ಕಸವನ್ನು ಬಲ್ಲವರ ವಿಷಯ. ಕೇಂದ್ರವಾಗಲಿ ರಾಜ್ಯವಾಗಲಿ, ನೆರವಿನ ದಿನಗಳನ್ನು ಯುಗಾದಿಗೆ ಮುಂಚೆ ಅಚ್ಚು ಹಾಕಿಸಿ, ರೈಲಿನ ವೇಳಾಪಟ್ಟಿಯಂತೆ ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಅಂಟಿಸಲಿ. ಮುಂಗಾರಿನ ಕಂತು ರೋಹಿಣಿ ಮಳೆ ಮುಗಿಯುವುದರೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಖಾತೆಯಲ್ಲಿರಲಿ. ಸಮಾರಂಭವನ್ನು ಏರ್ಪಡಿಸುವುದಾದರೆ ಆಮೇಲೆ ಯಾವ ಊರಿನಲ್ಲಾದರೂ ಏರ್ಪಡಿಸಲಿ. ಹಣವು ಸಮಾರಂಭಕ್ಕೆ ಕಾಯಬೇಕಾಗಿಲ್ಲ.

ದಿನ ತಪ್ಪಿದರೆ ಏನು? 2005ರ ಉದ್ಯೋಗ ಖಾತರಿ ಕಾಯಿದೆಯ ಏರ್ಪಾಡಿನಲ್ಲಿ ಕೂಲಿ ತಡವಾದರೆ ದಿನಕ್ಕೆ ನೂರಕ್ಕೆ 0.05ರಂತೆ ಪರಿಹಾರ ಕೊಡಬೇಕೆಂಬ ವಿಧಿಯಿತ್ತು. ತಿಂಗಳಿಗೆ ಅದು ನೂರಕ್ಕೆ ಒಂದೂವರೆ. ಹಳ್ಳಿಯ ಮೂರು ರೂಪಾಯಿ ಬಡ್ಡಿಯಲ್ಲಿ ಅರ್ಧ. ಅದೇ ಬಗೆಯ ವಿಧಿ ನೆರವಿನ ಕಂತಿಗೂ ಬಂದರೆ ತಡವೆಂಬುದಕ್ಕೆ ಒಂದು ಬೆಲೆ ಕಟ್ಟಿದಂತಾಗುತ್ತದೆ. ಈಗ ಆ ಬೆಲೆಯನ್ನು ಕೊಡುತ್ತಿರುವವನು ರೈತನೊಬ್ಬನೇ.

ಕೊನೆಯದಾಗಿ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನಿಮ್ಮಲ್ಲಿ ಅನೇಕರ ಊರು ಕೆಂಗೇರಿಯ ಆಚೆಗೋ ಮಾಗಡಿಯ ಆಚೆಗೋ ಇದೆ. ಮುಂದಿನ ರಜೆಯಲ್ಲಿ ಹತ್ತು ಮನೆಗಳಿಗೆ ಹೋಗಿ ಮೂರನ್ನು ಮಾತ್ರ ಕೇಳಿ ಬರೆದುಕೊಳ್ಳಿರಿ: ಬಿತ್ತನೆಯ ದಿನ, ಕಂತು ಬಂದ ದಿನ, ಆ ನಡುವೆ ಮಾಡಿದ ಕೈಗಡ. ಯಾರ ಹೆಸರೂ ಬೇಡ. ಚೌಕದ ಹಾಳೆಯ ಮೇಲೆ ಅಡ್ಡಕ್ಕೆ ದಿನಗಳ ಅಂತರವನ್ನೂ ಉದ್ದಕ್ಕೆ ಕೈಗಡವನ್ನೂ ಗುರುತಿಸಿರಿ. ಬಿಂದುಗಳು ಒಂದು ಗೆರೆಯತ್ತ ಸೇರುತ್ತವೆಯೋ ಚದುರುತ್ತವೆಯೋ ನೋಡಿರಿ. ಚದುರಿದರೆ ನಮ್ಮ ಅಭಿಪ್ರಾಯ ತಪ್ಪೆಂದು ಈ ಪತ್ರಿಕೆಗೆ ಬರೆಯಿರಿ; ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಸೇರಿದರೆ ಆ ಹಾಳೆಯನ್ನು ನಿಮ್ಮ ಪಂಚಾಯತಿಯ ಮುಂದೆ ಇಡಿರಿ.